ಬಡಿದರೆ ಬಿಗಿಯುವ ಹುಳು

ಬೆಳಿಗ್ಗೆ ಪೈಪಿನೊಳಗೆ ಬಿಟ್ಟ ಹುಳು ಊಟದ ಹೊತ್ತಿಗೆ ಆಚೆ ತುದಿಯಲ್ಲಿ ಮುಖ ತೋರಿಸಬೇಕಿತ್ತು. ತೋರಿಸಲಿಲ್ಲ. ವಾಲ್ವಿನ ಗುಂಡಿಗೆ ಇಳಿದು ಪೈಪಿನ ಬಾಯಿಗೆ ಟಾರ್ಚು ಬಿಡುವುದು, ಮೇಲೆ ಹತ್ತಿ ಲೈನಿನ ಉದ್ದಕ್ಕೂ ಓಡಾಡುವುದು, ಮತ್ತೆ ಗುಂಡಿಗೆ ಇಳಿಯುವುದು, ಇದೇ ನನ್ನ ಕೆಲಸವಾಗಿತ್ತು. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಹಾಲು ಕರೆಯಲು ಕೂತರೆ ನನ್ನ ಚಡಪಡಿಕೆಗೇ ಹಸು ಒದೆಯುತ್ತದೆ ಎಂದು ನಮ್ಮತ್ತೆ ಊರಿನ ಡೇರಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ.

ಹುಳು ಅಂದರೆ ರೋಬೋಟು. ಎರೆಹುಳುವನ್ನು ನೋಡಿ ನಮ್ಮ ಲ್ಯಾಬಿನಲ್ಲಿ ಕಟ್ಟಿದ್ದು, ಮೊಳದುದ್ದ ಇತ್ತು. ಸಾಲಾಗಿ ಜೋಡಿಸಿದ ರಬ್ಬರಿನ ಉಂಗುರಗಳು, ಒಂದೊಂದರೊಳಗೂ ಪುಟ್ಟ ಮೋಟಾರು, ಅದು ಎಳೆಯುವ ದಾರ, ತಲೆಯಲ್ಲಿ ಸದ್ದು ಹಿಡಿಯುವ ಮೈಕು. ದಾರ ಎಳೆದರೆ ಉಂಗುರ ಗಿಡ್ಡವಾಗಿ ಉಬ್ಬುತ್ತದೆ, ಬಿಟ್ಟರೆ ಉದ್ದವಾಗಿ ಸಣ್ಣಗಾಗುತ್ತದೆ. ಆ ಉಬ್ಬು ತಲೆಯಿಂದ ಬಾಲಕ್ಕೆ ಹರಿಯುತ್ತಾ ಹೋದರೆ ಮೈ ಮುಂದಕ್ಕೆ ಸರಿಯುತ್ತದೆ. ನಿಜವಾದ ಎರೆಹುಳುವಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳಿವೆ, ಅದು ಮಣ್ಣು ಕಚ್ಚಿ ಹಿಡಿಯುವುದು ಅವುಗಳಿಂದ. ನಮ್ಮದಕ್ಕೆ ಸೈಕಲ್ ಕಡ್ಡಿಯ ತುಂಡುಗಳನ್ನು ಹಿಂದಕ್ಕೆ ಬಾಗಿಸಿ ಸ್ಪ್ರಿಂಗಿಗೆ ಕೂರಿಸಿದ್ದೆವು. ಮುಳ್ಳನ್ನು ಒಳಗೆ ಎಳೆದುಕೊಳ್ಳಲು ಕರೆಂಟು ಬೇಕು. ಕರೆಂಟು ಇಲ್ಲದಿದ್ದರೆ ಸ್ಪ್ರಿಂಗು ಅದನ್ನು ತಾನಾಗಿಯೇ ಹೊರಗೆ ತಳ್ಳುತ್ತದೆ. ಬ್ಯಾಟರಿ ಮುಗಿದರೂ ಹುಳು ಜಾರಿ ಹೋಗದೆ ಇದ್ದಲ್ಲೇ ಇರಲಿ ಎಂದು ಜಾಣತನ ಮಾಡಿದ್ದೆವು. ಈಗ ಅದೇ ಜಾಣತನ ನಮಗೆ ತಿರುಗಿಬಿದ್ದಿತ್ತು.

ಹರಿದಾಡುವುದನ್ನು ನಾವು ಅದಕ್ಕೆ ಕಲಿಸಿರಲಿಲ್ಲ. ಕಂಪ್ಯೂಟರಿನೊಳಗೆ ಒಂದು ಪೈಪು ಮಾಡಿ ಅದರಲ್ಲಿ ಹುಳುಗಳ ಹಿಂಡನ್ನೇ ಬಿಟ್ಟಿದ್ದೆವು. ಹೆಚ್ಚು ದೂರ ಹೋದವುಗಳ ಗುಣಗಳನ್ನು ಬೆರೆಸಿ, ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿ ಮರಿ ಮಾಡಿಸುವುದು, ಸೋತವನ್ನು ಅಳಿಸುವುದು. ಹೀಗೆ ತಲೆಮಾರುಗಳನ್ನು ಕಳೆದು ಕೊನೆಗೆ ಉಳಿದದ್ದರ ಬುದ್ಧಿಯನ್ನು ರಬ್ಬರಿನ ಹುಳುವಿಗೆ ಇಳಿಸಿದೆವು. ಅದು ಏನು ಮಾಡುತ್ತದೆಂದು ನೋಡಿ ಹೇಳಬಹುದು. ಯಾಕೆ ಮಾಡುತ್ತದೆಂದು ಕೇಳಿದರೆ ಅದರೊಳಗೆ ಅಂಕಿಗಳ ಗೋಜಲು ಬಿಟ್ಟು ಬೇರೇನೂ ಸಿಗುವುದಿಲ್ಲ.

ಜಾಗ ಚಾಂಪಿಯನ್ ರೀಫ್ಸಿನ ಒಂದು ಲೈನು, ಹಳೆಯ ಚಿನ್ನದ ಗಣಿಯ ಕೆಲಸಗಾರರಿಗೆಂದು ಕಟ್ಟಿದ ಸಾಲುಮನೆಗಳು. ಬೇತಮಂಗಲದ ಕೆರೆಯ ನೀರು ಅಲ್ಲಿಗೆ ಹಳೆಯ ಬೀಡುಕಬ್ಬಿಣದ ಪೈಪಿನಲ್ಲಿ ಸರದಿಯ ಪ್ರಕಾರ ಬರುತ್ತದೆ. ಪೈಪು ಚರಂಡಿಯ ಪಕ್ಕದಲ್ಲಿ ಅರ್ಧ ಮಣ್ಣಲ್ಲಿ ಅರ್ಧ ಹೊರಗೆ ಮಲಗಿದೆ. ನಮಗೆ ಅನುಮತಿ ಸಿಕ್ಕಿದ್ದು ಪಕ್ಕದ ಪಾಳು ಪೈಪಿಗೆ, ಅದರೊಳಗೆ ಹುಳುವಿಗಿಂತ ಮೊದಲೇ ಅರಳಿಮರದ ಬೇರು ಹೋಗಿತ್ತು. ನಾನು ತಲೆ ಮೇಲೆ ಕೈ ಹೊತ್ತು ನಿಂತಿದ್ದಾಗ ನೀರುಗಂಟಿಯೇ ಈ ಪೈಪಿನಲ್ಲಿ ಬಿಡೋಣ ಎಂದ. ಬೇತಮಂಗಲದ ಕಡೆಯ ಹಳ್ಳಿಯವನು, ಕಂಟ್ರಾಕ್ಟಿನ ಮೇಲೆ ನೀರು ಬಿಡುವ ಕೆಲಸ. ಪೈಪು ಎಲ್ಲೋ ಒಳಗೊಳಗೇ ಸೋರಿ ಕೊನೆಯ ಮನೆಗಳಿಗೆ ನೀರು ಮುಟ್ಟುತ್ತಿರಲಿಲ್ಲ. ಎಲ್ಲಿ ಅಂತ ಗೊತ್ತಿಲ್ಲದೆ ಆ ಮನೆಯವರ ಬೈಗುಳವೆಲ್ಲ ಇವನಿಗೆ. ಇನ್ನೊಂದು ದೂರು ಬಂದರೆ ಕೆಲಸಕ್ಕೆ ಬರಬೇಡ ಎಂದು ಸೆಕ್ಷನ್ ಇಂಜಿನಿಯರು ಎಚ್ಚರಿಕೆ ಕೊಟ್ಟಾಗಿತ್ತು. ನನ್ನ ಹುಳು ಸೋರುವ ಜಾಗದ ಗುರುತು ಹಿಡಿದುಕೊಂಡು ಬಂದರೆ ತಾನು ಬದುಕಿಕೊಂಡೆ ಎಂದು ಅವನ ಲೆಕ್ಕ. ಸರದಿ ನಾಳೆ, ಇವತ್ತು ಪೈಪು ಖಾಲಿ, ಬಿಟ್ಟು ತೆಗೆದುಬಿಡೋಣ ಅಂದ. ನಾನೂ ಹೂಂ ಅಂದೆ.

ಕೆಳಗಿನ ತುದಿಯ ಮುಚ್ಚಳ ತೆಗೆದು ಹುಳು ಬಿಟ್ಟಿದ್ದೆವು. ಮೇಲೆ ವಾಲ್ವಿನ ಗುಂಡಿಯಲ್ಲಿ ಜೋಡಣೆ ಬಿಚ್ಚಿ ಕಾಯುತ್ತಿದ್ದೆವು. ಮಧ್ಯಾಹ್ನ ಕಳೆದು, ಬಿಸಿಲು ಇಳಿದು, ನೀರುಗಂಟಿ ಬೀಡಿ ಮೇಲೆ ಬೀಡಿ ಹಚ್ಚಿದರೂ ಹುಳು ಬರಲಿಲ್ಲ. ನಾನು ಒಂದು ಕಬ್ಬಿಣದ ತುಂಡು ಹಿಡಿದು ಪೈಪಿನ ಉದ್ದಕ್ಕೂ ಬಡಿಯುತ್ತಾ ಹೋದೆ. ಖಾಲಿ ಇದ್ದಲ್ಲಿ ಒಂದು ಸದ್ದು, ಒಳಗೆ ಏನಾದರೂ ಇದ್ದಲ್ಲಿ ಇನ್ನೊಂದು ಸದ್ದು. ಲೈನಿನ ನಡುವೆ, ಮೇಕೆ ಕಟ್ಟಿದ್ದ ಮನೆಯ ಮುಂದೆ, ಸದ್ದು ಬದಲಾಯಿತು. ಸಿಕ್ಕಿದ ಕಳ್ಳ ಎಂದು ಖುಷಿಯಲ್ಲಿ ಇನ್ನೂ ನಾಲ್ಕು ಏಟು ಹಾಕಿದೆ. ಎಲ್ಲಿದೆ ಅಂತ ಗೊತ್ತಾಯಿತೇ ಹೊರತು ಅದು ಅಲ್ಲಾಡಲಿಲ್ಲ.

ಹಿಂದಕ್ಕೆ ಎಳೆಯುವ ಹಾಗಿಲ್ಲ, ಮುಳ್ಳು ಹಿಂದಕ್ಕೆ ಬಾಗಿದೆ, ಎಳೆದಷ್ಟೂ ಕಚ್ಚುತ್ತದೆ. ಬೆಂಗಳೂರಿನಲ್ಲಿದ್ದ ನಮ್ಮ ಪ್ರೊಫೆಸರಿಗೆ ಫೋನು ಮಾಡಿದೆ. ಪೈಪನ್ನು ಅಲ್ಲಿಗೆ ಕತ್ತರಿಸಿ ಹುಳುವನ್ನು ಉಳಿಸಿಕೋ, ಬೇರೆ ಹುಳು ನಮ್ಮ ಹತ್ತಿರ ಇಲ್ಲ, ಪೈಪಿನ ಖರ್ಚು ಪ್ರಾಜೆಕ್ಟಿನಿಂದ ಕೊಡೋಣ ಎಂದರು. ತಪ್ಪು ಮಾತಲ್ಲ. ಆದರೆ ನೀರುಗಂಟಿ ಕೇಳಿದವನೇ ಎರಡೂ ಕೈ ಅಡ್ಡ ಹಿಡಿದ. ಆ ಕಾಲದ ಕಬ್ಬಿಣ ಒಂದು ಕಡೆ ಏಟು ತಿಂದರೆ ಉದ್ದಕ್ಕೂ ಬಿರುಕು ಬಿಡುತ್ತದಂತೆ. ಬದಲಿ ಪೈಪು ಬರುವಷ್ಟರಲ್ಲಿ ಇಡೀ ಲೈನಿಗೆ ನೀರಿಲ್ಲ, ದೂರು ಹೋಗದೆ ಇರುತ್ತದೆಯೇ?

"ನಾಳೆ ನೀರ್ ಬಿಟ್ನೋಡಾನ ಮೇಡಮ್ಮ," ಅಂದ. "ಪ್ರೆಜರ್‌ಗೆ ಓದ್ರೆ ಓಗ್ಲಿ. ನಿಮ್ ಉಳ ಒಡ್ದೋಯ್ತದೇನೋ, ಅದೊಂದೇ ನಂಗೆ ಬ್ಯಾಸ್ರ."

ತನ್ನ ಕೆಲಸ ಹೋಗುವ ಹೊತ್ತಿನಲ್ಲೂ ಅವನು ನನ್ನ ರಬ್ಬರಿಗೆ ಬೇಸರಪಟ್ಟುಕೊಂಡ. ಆ ಸಂಜೆ ಬಂಗಾರಪೇಟೆಯ ರೈಲಿನಲ್ಲಿ ಸೀಟು ಸಿಕ್ಕಿದರೂ ಬಾಗಿಲಲ್ಲಿ ನಿಂತೇ ಬಂದೆ.

ಮರುದಿನ ಸರದಿ. ಕೆಳಗಿನ ಮುಚ್ಚಳ ಹಾಕಿ, ಬಿಚ್ಚಿದ್ದ ಜೋಡಣೆ ಬಿಗಿದು ನೀರುಗಂಟಿ ವಾಲ್ವು ತಿರುಗಿಸಿದ. ಅದಕ್ಕೂ ಮೊದಲು ಕೈಯಲ್ಲಿದ್ದ ಸ್ಪ್ಯಾನರಿನಿಂದ ಪೈಪಿಗೆ ಎರಡೇಟು ಹಾಕಿದ್ದನ್ನು ನೋಡಿದೆ, ತುಕ್ಕು ಉದುರಿಸುತ್ತಿದ್ದಾನೆ ಅಂದುಕೊಂಡೆ. ಹೆಂಗಸರು ಕೊಡ ಹಿಡಿದು ಹೊರಗೆ ಬಂದರು. ಮೇಲಿನ ನಲ್ಲಿಗಳಲ್ಲಿ ನೀರು ಬಂತು. ನಡುವಿನ ಮೇಕೆ ಮನೆಯಿಂದ ಆಚೆಗೆ ಬೆರಳು ಗಾತ್ರದ ಧಾರೆ ಬಂದು, ಹನಿಯಾಗಿ, ನಿಂತೇಹೋಯಿತು. ಹುಳು ಕದಲಲಿಲ್ಲ. ನೀರು ತಳ್ಳಿದಷ್ಟೂ ಮುಳ್ಳು ಗೋಡೆಗೆ ಹೂತುಕೊಂಡಿತ್ತು. ವಾಲ್ವಿನಲ್ಲಿ ಏನೋ ಕೆಟ್ಟಿದೆ, ರಿಪೇರಿ ಮಾಡ್ತೀನಿ ಎಂದು ನೀರುಗಂಟಿ ಲೈನಿಗೆಲ್ಲ ಸುಳ್ಳು ಹೇಳಿ ವಾಲ್ವು ಮುಚ್ಚಿದ.

ಆಮೇಲೆ ಶುರುವಾಯಿತು ನೋಡಿ. ಕೆಳಗಿನ ಮನೆಗಳಿಂದ ಟಣ್ ಟಣ್ ಟಣ್. ಯಾರೋ ಕಲ್ಲಿನಿಂದ, ಯಾರೋ ಸೌಟಿನಿಂದ ಪೈಪು ಬಡಿಯುತ್ತಿದ್ದರು. ಕೊನೆಯ ಮನೆಯ ಮುದುಕಿಯ ಕೈಯಲ್ಲಿ ಗಂಡನ ಕಾಲದ ಗಣಿಯ ಡ್ರಿಲ್ಲಿನ ಕಂಬಿಯೇ ಇತ್ತು. ಲೈನಿನವರೆಲ್ಲ ಅವಳನ್ನು ಪಾಟಿ, ಅಂದರೆ ಅಜ್ಜಿ, ಎಂದು ಕರೆಯುತ್ತಾರೆ. ಅವಳ ಏಟು ಬಿದ್ದರೆ ಪೈಪು ಈ ತುದಿಯವರೆಗೂ ಅದುರುತ್ತಿತ್ತು. ಕೋಪಕ್ಕೆ ಬಡಿಯುತ್ತಿದ್ದಾರೆ, ಬಡಿಯಲಿ, ನನ್ನನ್ನೇ ಬಡಿಯುತ್ತಿಲ್ಲವಲ್ಲ ಎಂದುಕೊಂಡು ಮೇಕೆ ಮನೆಯ ಮುಂದೆ ಪೈಪಿಗೆ ಮೈಕು ಅಂಟಿಸಿ ಕಿವಿಗೆ ಹೆಡ್‌ಫೋನು ಹಾಕಿದೆ.

ಒಳಗೆ ಹುಳು ಬದುಕಿತ್ತು. ಕಿರ್ ಎಂದು ಮೋಟಾರು ಎದ್ದಿತು, ಮುಳ್ಳು ಒಳಗೆ ಹೋಗುವ ಸದ್ದು. ಟಣ್. ಮೋಟಾರು ನಿಂತಿತು, ಟಪ್ ಎಂದು ಮುಳ್ಳು ಮತ್ತೆ ಹೊರಗೆ. ತುಂಬಾ ಹೊತ್ತಿನ ಮೇಲೆ ಮತ್ತೆ ಕಿರ್. ಮತ್ತೆ ಟಣ್, ಮತ್ತೆ ಟಪ್. ಪರೀಕ್ಷೆ ಮಾಡಲು ನಾನೇ ಬೆರಳಿನ ಗೆಣ್ಣಿನಿಂದ ಪೈಪು ತಟ್ಟಿದೆ. ಟಪ್.

ಸಂಜೆ ರೈಲಿನಲ್ಲಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಹಳೆಯ ರೆಕಾರ್ಡಿಂಗು ತೆಗೆದೆ. ಕಂಪ್ಯೂಟರಿನ ಪೈಪು ನಿಜದ ಪೈಪಿನಂತೆಯೇ ಇರಬೇಕೆಂಬ ಹಟಕ್ಕೆ ತಿಂಗಳ ಹಿಂದೆ ಇದೇ ಲೈನಿನ ಪೈಪಿಗೆ ರೆಕಾರ್ಡರು ಕಟ್ಟಿ ಬಿಟ್ಟು ಹೋಗಿದ್ದೆ. ಅದರಲ್ಲಿ ಪ್ರತಿ ಸಲ ನೀರು ನುಗ್ಗುವ ಸ್ವಲ್ಪ ಮೊದಲು ಎರಡು ಟಣ್. ಆಗಲೂ ಕೇಳಿಸಿತ್ತು. ಪೈಪು ಬಿಸಿಗೆ ಹಿಗ್ಗುವ ಸದ್ದು ಅಂದುಕೊಂಡು ನೀರಿನ ಜೊತೆಗೆ ಅದನ್ನೂ ಹಾಗೆಯೇ ಕಂಪ್ಯೂಟರಿಗೆ ತುಂಬಿದ್ದೆ. ಅಲ್ಲಿ ಹುಟ್ಟಿದ ಹುಳುಗಳಲ್ಲಿ ಟಣ್ ಕೇಳಿದೊಡನೆ ಗೋಡೆ ಕಚ್ಚಿದವು ಉಳಿದವು, ಕಚ್ಚದವು ಕೊಚ್ಚಿಹೋದವು. ಉಳಿದವುಗಳ ಮರಿಗಳು ಇನ್ನೂ ಬಿಗಿಯಾಗಿ ಕಚ್ಚಿದವು. ನನ್ನ ಹುಳು ಕೆಟ್ಟಿರಲಿಲ್ಲ. ಸದ್ದು ಬಂತು, ಇನ್ನೇನು ನೀರು ಬರುತ್ತದೆ ಎಂದು ಜೀವ ಬಿಗಿಹಿಡಿದು ಕಾಯುತ್ತಿತ್ತು.

ಬಂಗಾರಪೇಟೆಯಲ್ಲಿ ಇಳಿದವಳೇ ಪ್ಲಾಟ್‌ಫಾರ್ಮಿನಿಂದಲೇ ನೀರುಗಂಟಿಗೆ ಫೋನು ಮಾಡಿ ಕೇಳಿದೆ, ನೀರು ಬಿಡುವ ಮೊದಲು ಪೈಪು ಯಾಕೆ ಬಡಿಯುತ್ತೀ ಅಂತ.

"ಬಡೀದೆ ಎಂಗೆ? ಎಲ್ರೂ ಕೊಡ ತರಬೇಕಲ್ಲ," ಅಂದ, ಇದೂ ಒಂದು ಪ್ರಶ್ನೆಯಾ ಎನ್ನುವ ದನಿಯಲ್ಲಿ.

ಅವನು ಬಡಿದರೆ ನೀರು ಬರುತ್ತಿದೆ ಅಂತ. ಕೆಳಗಿನವರು ಬಡಿದರೆ ನಮಗೆ ಬಂದಿಲ್ಲ, ಮೇಲಿನವರು ನಲ್ಲಿ ಮುಚ್ಚಿ ಅಂತ. ಗಣಿಯೊಳಗೆ ಗಂಟೆ ಬಡಿದು ಸಂದೇಶ ಕಳಿಸುತ್ತಿದ್ದವರು ತಂದ ಪದ್ಧತಿ ಎಂದು ಕೆಲವರು ಹೇಳುತ್ತಾರೆ, ನನಗೆ ಗೊತ್ತಿಲ್ಲ. ನಮ್ಮೂರಿನಲ್ಲಿ ಬೋರ್‌ವೆಲ್ಲಿನ ನೀರು, ಮಿನಿಟ್ಯಾಂಕಿನ ಮುಂದೆ ಬಿಂದಿಗೆ ಸಾಲು. ಅಲ್ಲಿ ಯಾರೂ ಪೈಪು ಬಡಿಯುವುದಿಲ್ಲ. ಲೈನಿನವರಿಗೆ ಅದು ಉಸಿರಾಡಿದಷ್ಟು ಸಹಜವಾದದ್ದು, ಯಾರು ತಾನೇ ಕೂತು ವಿವರಿಸುತ್ತಾರೆ? ಈಗ ನೀರು ಬಾರದಿದ್ದಕ್ಕೆ ಅವರು ಬಡಿಯುತ್ತಾರೆ, ಅವರು ಬಡಿದದ್ದಕ್ಕೆ ಹುಳು ಬಿಗಿಯುತ್ತದೆ, ಹುಳು ಬಿಗಿದದ್ದಕ್ಕೆ ನೀರು ಬರುವುದಿಲ್ಲ. ಮನೆಗೆ ಹೋಗಿ ಕಂಪ್ಯೂಟರಿನ ಹುಳುವಿಗೂ ಹಾಗೆಯೇ ಬಡಿದು ನೋಡಿದೆ. ಸುಮಾರು ಒಂದು ತಾಸು ಪೂರ್ತಿ ನಿಶ್ಶಬ್ದ ಸಿಕ್ಕರೆ ಮಾತ್ರ ಅದು ನಂಬಿಕೆ ಬಂದು ಮುಳ್ಳು ಬಿಟ್ಟು ಮುಂದೆ ಹೋಗುತ್ತದೆ. ನಡುವೆ ಒಂದು ಏಟು ಬಿದ್ದರೂ ಮತ್ತೆ ಮೊದಲಿನಿಂದ. ಬ್ಯಾಟರಿ ಉಳಿಯಲೆಂದು ಕತ್ತಲಾದರೆ ಹುಳು ಮಲಗುವಂತೆ ನಾವೇ ಗಡಿಯಾರ ಇಟ್ಟಿದ್ದೆವು, ಹಾಗಾಗಿ ರಾತ್ರಿಯ ನಿಶ್ಶಬ್ದ ಲೆಕ್ಕಕ್ಕಿಲ್ಲ. ಬ್ಯಾಟರಿ ಮರುದಿನ ಮಧ್ಯಾಹ್ನಕ್ಕಿಂತ ಹೆಚ್ಚು ಬಾಳುವಂತಿರಲಿಲ್ಲ. ಅದು ಸತ್ತರೆ ಮುಳ್ಳು ಒಳಗೆ ಹೋಗುವ ಪ್ರಶ್ನೆಯೇ ಇಲ್ಲ, ಪೈಪು ಕತ್ತರಿಸಲೇಬೇಕು.

ಬೆಳಗಿನ ಮೊದಲ ರೈಲಿಗೆ ಹೋದೆ. ಲೈನು ಬಡಿಯುವುದನ್ನು ನಿಲ್ಲಿಸಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ನೀರುಗಂಟಿಯ ಕುತ್ತಿಗೆಗೆ ಬರುತ್ತದೆ. ದಾರಿಯಲ್ಲಿ ಒಂದು ಉಪಾಯ ಹೊಸೆದಿದ್ದೆ. ಅವನಿಗೆ ಗೊತ್ತಿಲ್ಲದಂತೆ ನಾನೇ ಕದ್ದು ಹುಳು ಬಿಟ್ಟೆ ಎಂದುಬಿಡುವುದು. ಬೈಗುಳ ನನಗಿರಲಿ, ನನ್ನ ಸಂಬಳ ಈ ಲೈನಿನಿಂದ ಬರುವುದಿಲ್ಲ. ಗುಂಡಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತಿದ್ದ ನೀರುಗಂಟಿ ಎಲ್ಲ ಕೇಳಿ ತಲೆ ಅಲ್ಲಾಡಿಸಿದ.

"ವಾಲ್ವಿನ ಕೀಲಿ ನನ್ ಸೊಂಟ್ದಾಗೈತೆ. ಯಾರ್ ನಂಬ್ತಾರೆ? ನೀವ್ ಸುಳ್ಳೇಳಿ ಸಿಕ್ಕಾಕ್ಕೊಂಡ್ರೆ, ಆಮ್ಯಾಕೆ ಬಡೀಬ್ಯಾಡಿ ಅಂದ್ರೆ ಯಾರೂ ಕೇಳಾಕಿಲ್ಲ. ಇದ್ದುದ್ದ್ ಇದ್ದಂಗೆ ಏಳ್ಬುಡಿ. ನನ್ ಎಸ್ರೂ ಏಳಿ."

ಕೆಲಸ ಹೋದರೆ, ಎಂದೆ. ಬಡಿಯುವುದು ನಿಲ್ಲದಿದ್ದರೂ ಹೋಗುತ್ತದಲ್ಲ ಎಂದ. ಅವನ ಮೇಲೆ ಸಿಟ್ಟು ಬಂತು, ಯಾಕೆ ಅಂತ ಈಗಲೂ ಗೊತ್ತಿಲ್ಲ. ಅವನು ಅಷ್ಟು ಸಮಾಧಾನವಾಗಿ ಇದ್ದದ್ದಕ್ಕೇ ಇರಬೇಕು.

ಕೊನೆಯ ನಲ್ಲಿಯ ಹತ್ತಿರ ಹೆಂಗಸರೆಲ್ಲ ಸೇರಿದರು. ಇಡೀ ಕಥೆ ಹೇಳಿದೆ, ನಾನು ಬಿಟ್ಟೆ, ಇವನು ಬಿಡಗೊಟ್ಟ, ಸೋರುವ ಜಾಗ ಹುಡುಕಲು ಹೋಗಿ ಹೀಗಾಯಿತು, ನೀವು ಬಡಿದಷ್ಟೂ ಅದು ಬಿಡುವುದಿಲ್ಲ ಅಂತ. ಅರ್ಧ ಕನ್ನಡ, ಅರ್ಧ ನನಗೆ ಬರುವಷ್ಟು ತಮಿಳು, ಉಳಿದದ್ದನ್ನು ನೀರುಗಂಟಿ ತುಂಬಿಸಿದ. ಹೇಳಿ ಮುಗಿಸಿದಾಗ ಬೈಗುಳ ಬಿಸಿಬಿಸಿಯಾಗಿ ಬಿತ್ತು. ನಿನ್ನೆಯಿಂದ ಪಕ್ಕದ ಲೈನಿಗೆ ಹೋಗಿ ಕೈಯೊಡ್ಡುತ್ತಿದ್ದೇವೆ, ನಿನಗೆ ಆಟವಾಡಲು ನಮ್ಮ ಪೈಪೇ ಬೇಕಾಗಿತ್ತಾ, ನಿಮ್ಮ ಮನೆಯ ನಲ್ಲಿಗೆ ಬಿಡು ಹೋಗು ಎಂದರು. ನೀರುಗಂಟಿಗೆ ಬಿದ್ದದ್ದನ್ನು ಬರೆಯುವ ಹಾಗಿಲ್ಲ. ತಲೆ ತಗ್ಗಿಸಿ ನಿಂತಿದ್ದ. ಪಾಟಿ ಮಾತ್ರ ಬೈಯಲಿಲ್ಲ. ಅವಳು ಎಲ್ಲರ ಬಾಯಿ ಮುಗಿಯಲಿ ಎಂದು ಕಾದು ಕೇಳಿದ್ದು ಒಂದೇ.

"ಒಂದು ಗಂಟೆ ಸತ್ತಂ ಇಲ್ಲ ಅಂದ್ರೆ ತಣ್ಣಿ ಬರುತ್ತಾ? ನಿಜ ಹೇಳಮ್ಮಾ."

ಸದ್ದು ಇಲ್ಲದಿದ್ದರೆ ನೀರು ಖಂಡಿತ ಬರುತ್ತದೆ ಎನ್ನಲು ಬಾಯಿ ತೆರೆದವಳು ತಡೆದುಕೊಂಡೆ. ಕಂಪ್ಯೂಟರಿನಲ್ಲಿ ಹುಳು ಹೊರಗೆ ಬಂತು, ಇಲ್ಲಿ ಬರುತ್ತದೋ ಇಲ್ಲವೋ ಗೊತ್ತಿಲ್ಲ ಪಾಟಿ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಡ್ರಿಲ್ಲಿನ ಕಂಬಿಯನ್ನು ಮನೆಯೊಳಗೆ ಇಟ್ಟು ಬಂದಳು. ನೀರುಗಂಟಿ ಮೇಲಿನ ಜೋಡಣೆ ಮತ್ತೆ ಬಿಚ್ಚಿ ವಾಲ್ವಿನ ಗುಂಡಿಯಲ್ಲಿ ಕಾದು ಕೂತ.

ಒಂದು ತಾಸು ಸದ್ದು ಮಾಡದಿರುವುದು ಎಷ್ಟು ಕಷ್ಟ ಅಂತ ನನಗೆ ಅವತ್ತೇ ಗೊತ್ತಾದದ್ದು. ಯಾರೂ ಬಡಿಯುತ್ತಿರಲಿಲ್ಲ, ಆದರೂ ಹೆಡ್‌ಫೋನಿನಲ್ಲಿ ಕಿರ್, ಟಪ್. ನೋಡಿದರೆ ಮೇಕೆ ಪೈಪಿಗೆ ಕೊಂಬು ಉಜ್ಜುತ್ತಿದೆ. ಮೇಕೆ ಬಿಚ್ಚಿಸಿದೆವು. ಮತ್ತೆ ಕಿರ್, ಟಪ್. ಒಂದು ಮನೆಯಲ್ಲಿ ದೋಸೆಹಿಟ್ಟಿಗೆ ಗ್ರೈಂಡರು ತಿರುಗುತ್ತಿತ್ತು, ಅದರ ನಡುಕ ಗೋಡೆಯಿಂದ ನಲ್ಲಿಗೆ, ನಲ್ಲಿಯಿಂದ ಪೈಪಿಗೆ. ಹಿಟ್ಟು ಅರ್ಧಕ್ಕೇ ನಿಂತಿತು. ಮೇಲಿನ ಮನೆಯಲ್ಲಿ ಗಾರೆಯವನು ಗೋಡೆ ಒಡೆಯುತ್ತಿದ್ದ, ಪಾಟಿಯೇ ಹೋಗಿ ಅವನ ಸುತ್ತಿಗೆ ಕಿತ್ತುಕೊಂಡು ಬಂದಳು. ನಾನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓಡುತ್ತಾ ಶ್ ಶ್ ಎನ್ನುತ್ತಿದ್ದೆ. ಬಿಸಿಲು ನೆತ್ತಿಗೆ ಬರುತ್ತಿತ್ತು, ಮೋಟಾರಿನ ಸದ್ದು ಸಣ್ಣಗಾಗುತ್ತಿತ್ತು. ಇನ್ನು ಹೆಚ್ಚೆಂದರೆ ಒಂದು ಪ್ರಯತ್ನಕ್ಕೆ ಕರೆಂಟು ಇದ್ದೀತು ಅಂದುಕೊಂಡೆ. ಕಣ್ಣಲ್ಲಿ ನೀರು ಬಂದದ್ದು ಬೆವರಿಗಲ್ಲ.

"ನೀನು ಮೊದ್ಲು ಕೂತ್ಕೊ," ಎಂದಳು ಪಾಟಿ. "ನಿನ್ನ ಬೂಟ್ಸು ಪೈಪ್ ಮೇಲೇ ಓಡ್ತಾ ಇದೆ."

ಹೌದು. ಲೈನಿನಲ್ಲಿ ಎಲ್ಲರೂ ಚರಂಡಿ ದಾಟಲು ಕಲ್ಲುಚಪ್ಪಡಿಗಳ ಮೇಲೆ ಹೋಗುತ್ತಾರೆ. ನಾನು ಮೊದಲ ದಿನದಿಂದಲೂ ಅವಸರಕ್ಕೆ ಪ್ರತಿ ಸಲ ಪೈಪನ್ನೇ ತುಳಿದು ದಾಟುತ್ತಿದ್ದೆ. ಪಾಟಿಯ ಮನೆಯ ಜಗುಲಿಯ ಮೇಲೆ ಕೂತೆ. ಅವಳು ಪಕ್ಕದಲ್ಲಿ ಕೂತು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿ ಹಿಡಿದಳು, ಅದು ಕುಣಿಯದಂತೆ. ಎದುರು ಬಾಗಿಲುಗಳಲ್ಲಿ ಹೆಂಗಸರು ಖಾಲಿ ಕೊಡ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಎಲ್ಲೋ ಒಂದು ಕೋಳಿ ಕೊಕ್ ಎಂದಿತು, ಎಲ್ಲರೂ ಅದನ್ನು ದುರುಗುಟ್ಟಿ ನೋಡಿದರು. ಅಷ್ಟು ಹೊತ್ತು ಒಂದೇ ಕಡೆ ನಾನು ಜನ್ಮದಲ್ಲಿ ಕೂತಿರಲಿಲ್ಲ.

ಕಿರ್ ಎಂದಿತು. ಕಾದೆ. ಟಪ್ ಬರಲಿಲ್ಲ. ಕಿರ್ ನಿಲ್ಲದೆ ಒಂದು ಉಂಗುರದಿಂದ ಇನ್ನೊಂದಕ್ಕೆ ದಾಟಿತು, ಕೆರೆಯುವ ಸದ್ದು ಮೆಲ್ಲಗೆ ಮೇಲಕ್ಕೆ ಸರಿಯತೊಡಗಿತು. ನಾನು ಪಾಟಿಯ ಕೈ ಗಟ್ಟಿಯಾಗಿ ಹಿಡಿದೆ, ಕೂಗಲಿಲ್ಲ. ಹುಳುವಿನ ಸದ್ದು ಒಂದೊಂದೇ ಮನೆ ದಾಟುತ್ತಿದ್ದಂತೆ ನಾನು ಕೈಸನ್ನೆ ಮಾಡುತ್ತಿದ್ದೆ, ಆಯಾ ಮನೆಯವರು ಪೈಪಿನ ಕಡೆ ಬಗ್ಗಿ ನೋಡುತ್ತಿದ್ದರು. ಕೊನೆಗೆ ವಾಲ್ವಿನ ಗುಂಡಿಯಿಂದ ನೀರುಗಂಟಿಯ ತಲೆ ಎದ್ದಿತು. ಅವನ ಎರಡು ಕೈಯಲ್ಲೂ ತುಕ್ಕು, ಕೆಸರು ಮೆತ್ತಿದ ಹುಳು, ಹುಟ್ಟಿದ ಕೂಸನ್ನು ಹಿಡಿದಂತೆ ಹಿಡಿದಿದ್ದ. ಅವನು ಅಳುತ್ತಿದ್ದ. ನಾನೂ ನಾಚಿಕೆ ಬಿಟ್ಟು ಅತ್ತೆ.

ಜೋಡಣೆ ಬಿಗಿದು ಸ್ಪ್ಯಾನರಿನಿಂದ ಎರಡೇಟು ಹಾಕಿ ವಾಲ್ವು ತಿರುಗಿಸಿದ. ಕೆಳಗಿನ ನಲ್ಲಿಗಳು ಕೆಮ್ಮಿ, ಕೆಂಪಾಗಿ ಕಾರಿ, ತಿಳಿಯಾದವು. ಕೊನೆಯ ಮನೆಗೆ ಎಂದಿನಂತೆ ಸಣ್ಣ ಧಾರೆ, ಆದರೆ ಬಂತು. ಸೋರುವ ಜಾಗ ಹುಳುವಿನ ರೆಕಾರ್ಡಿಂಗಿನಲ್ಲಿ ಸಿಗಬೇಕಿತ್ತು, ಅದನ್ನು ಆಮೇಲೆ ನೋಡೋಣ ಎಂದು ಬಕೆಟ್ಟಿನಲ್ಲಿ ಹುಳು ತೊಳೆಯುತ್ತಾ ನಿಂತಿದ್ದೆ.

ಆಗ ಸೆಕ್ಷನ್ ಇಂಜಿನಿಯರ ಜೀಪು ಬಂತು. ನಿನ್ನೆ ಈ ಲೈನಿನಿಂದ ದೂರು ಬಂದಿದೆ, ಸರದಿಗೆ ನೀರು ಬಂದಿಲ್ಲ, ನೀರುಗಂಟಿ ಸುಳ್ಳು ಹೇಳಿ ಹೋದ ಎಂದು ಫೋನಿನಲ್ಲಿ ಹೇಳಿದ್ದಾರೆ ಎಂದರು. ನೀರುಗಂಟಿ ಸೊಂಟದಿಂದ ಕೀಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ, ಕೇಳಿದರೆ ಕೊಟ್ಟುಬಿಡಲು. ನಾನು ಮುಂದೆ ಬಂದು ಮಾತಾಡಲು ಹೊರಟೆ. ಪಾಟಿ ಕಣ್ಣಲ್ಲೇ ಸುಮ್ಮನಿರು ಎಂದಳು.

"ಯಾರು ಸಾರ್ ಹೇಳಿದ್ದು?" ಎಂದಳು. "ತಣ್ಣಿ ಬರ್ತಾ ಇದೆ, ನೋಡಿ. ನಮ್ಗೆ ಯಾವ ಕಂಪ್ಲೇಂಟೂ ಇಲ್ಲ."

ಇಂಜಿನಿಯರು ಸಾಲಿನಲ್ಲಿದ್ದ ಒಬ್ಬೊಬ್ಬರನ್ನೂ ಕೇಳಿದರು. ಯಾರೂ ತಲೆ ಎತ್ತಲಿಲ್ಲ. ಅವರೂ ಬಿಡುವ ಆಸಾಮಿಯಲ್ಲ. ನಂಬರು ನನ್ನ ಹತ್ತಿರ ಇದೆ ಎಂದು ಮೊಬೈಲು ತೆಗೆದು, ದೂರು ಬಂದ ನಂಬರಿಗೆ ಅಲ್ಲೇ ನಿಂತು ಫೋನು ಹಚ್ಚಿದರು.

ಪಾಟಿಯ ಸೊಂಟದ ಚೀಲದೊಳಗೆ ಫೋನು ಜೋರಾಗಿ ಹೊಡೆದುಕೊಳ್ಳತೊಡಗಿತು. ಇಡೀ ಲೈನಿಗೆ ಕೇಳಿಸುವಂತೆ, ನಿಲ್ಲದೆ. ಒಬ್ಬ ಹೆಂಗಸೂ ತಿರುಗಿ ನೋಡಲಿಲ್ಲ. ಇಂಜಿನಿಯರು ಪಾಟಿಯನ್ನು ನೋಡಿದರು, ಕೀಲಿ ಹಿಡಿದು ನಿಂತಿದ್ದ ನೀರುಗಂಟಿಯನ್ನು ನೋಡಿದರು. ಪಾಟಿ ತುಂಬಿದ ಕೊಡ ಪಕ್ಕಕ್ಕೆ ಸರಿಸಿ, ಇನ್ನೂ ಹೊಡೆದುಕೊಳ್ಳುತ್ತಿದ್ದ ಫೋನಿನ ಜೊತೆಗೇ ಬಗ್ಗಿ, ಖಾಲಿ ಕೊಡವನ್ನು ನಲ್ಲಿಯ ಕೆಳಗೆ ಇಟ್ಟಳು.